ಆಚಾರ್ರು ಅರ್ಧಕ್ಕೆ ಬಿಟ್ಟುಹೋದ ಕತ್ತಿಗೆ ನಾನು ಹದ ಹಾಕಬಹುದಾ?

ಭಾನುವಾರದ ಕುಲುಮೆ

ಇಲ್ಲಿರುವ ತುಂಬಾ ಜನರಿಗೆ ಸಾಗರದ ಹತ್ತಿರದ ನಮ್ಮ ಆಚಾರ್ರು ಗೊತ್ತು. ಅವರ ಕುಲುಮೆಯ ಬೆಂಚಿನ ಮೇಲೆ ಕೂತು ಬೆಲ್ಲದ ಕಾಫಿ ಕುಡಿದವರು ನೀವು. ಅವರು ತೀರಿಕೊಂಡು ಇವತ್ತಿಗೆ ಐದು ವಾರ. 71 ವರ್ಷ ಆಗಿತ್ತು. ರಾತ್ರಿ ಗಂಜಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ಅಮ್ಮ, ಅಂದರೆ ಆಚಾರ್ರ ಹೆಂಡತಿ, ನನ್ನನ್ನು ಒಳಗೆ ಕರೆದರು. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಒಂದು ಅಲಗು ಕೊಟ್ಟರು. "ಕೊನೇದು ಇದು. ನೀನೇ ತಗೊಂಡು ಹೋಗು" ಅಂದರು.

ಒಂಬತ್ತು ಇಂಚಿನ ಅಲಗು. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿದ್ದು. ಬಡಿದು ಆಗಿದೆ. ಅರ ಹಾಕಿ ಆಗಿದೆ. ಅರದ ಗೆರೆಗಳೆಲ್ಲ ಒಂದೇ ಕಡೆಗೆ ಇವೆ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ. ಹದ ಮಾತ್ರ ಹಾಕಿಲ್ಲ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿಲ್ಲ. ಹಿಡಿಯೊಳಗೆ ಹೋಗುವ ಬಾಲದ ಮೇಲೆ ಎರಡು ಚುಕ್ಕೆ ಇದೆ.

ಅವರ ಗುರುತು ಮೂರು ಚುಕ್ಕೆ. ಬಡಿದು ಮುಗಿದಾಗ ಎರಡು ಹಾಕುತ್ತಿದ್ದರು. ಮೂರನೆಯದು ಹದ ಹಾಕಿ, ಒಣ ಬಿದಿರು ಕಡಿದು, ಬಾಯಿ ಮುಕ್ಕಾಗಿಲ್ಲ ಅಂತ ಉಗುರಿನಲ್ಲಿ ಸವರಿ ನೋಡಿದ ಮೇಲೆ. ಮೂರನೇ ಚುಕ್ಕೆ ಬೀಳದ ಕತ್ತಿ ಕುಲುಮೆಯಿಂದ ಆಚೆ ಹೋದದ್ದನ್ನು ನಾನು ನೋಡಿಲ್ಲ.

ನನ್ನ ಪ್ರಶ್ನೆ ಎರಡು. ಇದಕ್ಕೆ ನಾನು ಹದ ಹಾಕಬಹುದಾ, ಅಥವಾ ಅವರು ಬಿಟ್ಟ ಹಾಗೇ ಇಡಬೇಕಾ? ಹಾಕುವುದಾದರೆ ಹೇಗೆ? ಒಂದೇ ಒಂದು ಅಲಗು ಇದು. ಬಿರುಕು ಬಿಟ್ಟರೆ ಮತ್ತೆ ಸಿಗುವುದಿಲ್ಲ.

ಭಯಕ್ಕೆ ಕಾರಣ ಇದೆ. 2016ರಲ್ಲಿ ಅಜ್ಜಿ ಮನೆಗೆ ಒಂದು ಮೆಟ್ಟುಗತ್ತಿ ತರಲು ಅವರಲ್ಲಿಗೆ ಹೋದವನು ಸಂಜೆಯ ತನಕ ಅಲ್ಲೇ ಕೂತಿದ್ದೆ. ಮುಂದಿನ ತಿಂಗಳು ಮತ್ತೆ ಹೋದೆ. ಆಮೇಲೆ ಬೆಂಗಳೂರಿನಿಂದ ಸಾಗರಕ್ಕೆ ಹೋಗುವ ತಾಳಗುಪ್ಪ ರೈಲು ನನಗೆ ರೂಢಿ ಆಯಿತು. ಮೊದಲನೇ ಕತ್ತಿಯನ್ನು ನಾನೇ ಬಡಿದೆ. ಅವರು ಕಾಫಿ ಕುಡಿಯಲು ಒಳಗೆ ಹೋದಾಗ ಆತುರಪಟ್ಟು ಕಾದ ಅಲಗನ್ನು ತಣ್ಣೀರಿಗೆ ಅದ್ದಿದೆ. 'ಟಿಕ್' ಅಂತ ಸಣ್ಣ ಶಬ್ದ. ಅಡುಗೆಮನೆಯಲ್ಲಿದ್ದ ಅವರಿಗೆ ಅದು ಕೇಳಿಸಿತ್ತು. ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಬೈಯಲಿಲ್ಲ. ಅಲಗನ್ನು ವೈಸಿಗೆ ಕಚ್ಚಿಸಿ, ಮೇಲೆ ಗೋಣಿ ಹಾಕಿ, ಒಂದೇ ಏಟಿಗೆ ಮುರಿದರು. ಮುರಿದ ಬಾಯನ್ನು ಬೆಳಕಿಗೆ ಹಿಡಿದು ತೋರಿಸಿದರು.

"ನೋಡು ಮಾರಾಯ, ಬನ್ಸಿ ರವೆ. ಜಾಸ್ತಿ ಕಾಯಿಸಿದ್ದಿ. ಚಿರೋಟಿ ರವೆ ಆದರೂ ಸಾಲದು. ಮೈದಾ ಹಿಟ್ಟಿನ ಹಾಗೆ ಕಾಣಬೇಕು."

ಆ ಎರಡು ತುಂಡು ಈಗಲೂ ನನ್ನ ಹತ್ತಿರ ಇವೆ. ಉಕ್ಕಿನ ಒಳಗೆ ಕಾಳು ಇರುತ್ತದೆ, ಬೆಂಕಿ ಜಾಸ್ತಿ ಆದಷ್ಟೂ ಅದು ದಪ್ಪ ಆಗುತ್ತದೆ, ದಪ್ಪ ಕಾಳಿನ ಉಕ್ಕು ಗಾಜಿನ ಹಾಗೆ ಒಡೆಯುತ್ತದೆ ಅನ್ನುವುದನ್ನು ಆಮೇಲೆ ಪುಸ್ತಕದಲ್ಲಿ ಓದಿದೆ. ಆದರೆ ನನಗೆ ಅರ್ಥ ಆದದ್ದು ರವೆಯಲ್ಲೇ.

ಒಂದು ಸಲ ಅವರನ್ನು ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ಕಾಲದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುತ್ತಿದ್ದ ಜಾಗ ಅದು. ಇಂಗ್ಲಿಷಿನವರು ಆ ಉಕ್ಕಿಗೆ 'ವೂಟ್ಸ್' ಅನ್ನುವುದು ನಮ್ಮ 'ಉಕ್ಕು' ಅನ್ನುವ ಮಾತಿನಿಂದಲೇ ಬಂದಿರಬೇಕು ಅಂತಾರೆ, ಹಾಗಂತ ದಾರಿಯಲ್ಲಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಅಲ್ಲಿ ಮಣ್ಣಿನಲ್ಲಿ ಒಂದು ಮೂಸೆಯ ಚೂರು ಕಂಡಿತು. ಎತ್ತಿಕೊಂಡು, ಹೆಬ್ಬೆರಳಿನಿಂದ ಒಳಗಿನ ಹೊಳಪು ಸವರಿದರು. ಇದ್ದ ಜಾಗದಲ್ಲೇ ಇಟ್ಟರು. ವಾಪಸು ಬರುವಾಗ ಹೊಳಲ್ಕೆರೆ ದಾಟಿದ ಮೇಲೆ ಒಂದೇ ಮಾತು: "ಅವರಿಗೆ ಥರ್ಮಾಮೀಟರ್ ಇರಲಿಲ್ಲ, ಅಲ್ವಾ?"

ನನ್ನ ಫೋನಿನಲ್ಲಿ ಅವರು ಕಳಿಸಿದ ಧ್ವನಿ ಸಂದೇಶಗಳು ಇವೆ. ಎಲ್ಲದರ ಹಿಂದೆಯೂ ಬ್ಲೋವರಿನ ಸದ್ದು. ಕೊನೆಯದರಲ್ಲಿ, "ಬರುವಾಗ 120 ನಂಬರಿನ ಬೆಲ್ಟು ನಾಲ್ಕು ತಾ" ಅಂದಿದ್ದಾರೆ. ಸಾಣೆ ಮೆಷಿನ್ನಿಗೆ ಹಾಕುವ ಬೆಲ್ಟು ಅದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ತಗೊಂಡಿದ್ದೆ. ಆ ನಾಲ್ಕೂ ಬೆಲ್ಟು ಬ್ಯಾಗಿನಲ್ಲೇ ಇವೆ.

ದಯವಿಟ್ಟು ನಿಮಗೆ ಅನ್ನಿಸಿದ್ದು ಹೇಳಿ.

---

ಒಡಿಕತ್ತಿ

ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಕೊಡಗಿನ ವಿರಾಜಪೇಟೆ ಕಡೆಯವನು. ನಮ್ಮ ತಾತ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಪೀಚೆಕತ್ತಿಯ ಹಿಡಿ ಸಡಿಲ ಆಗಿದ್ದಾಗ ಆಚಾರ್ರೇ ಸರಿ ಮಾಡಿಕೊಟ್ಟದ್ದು. ದುಡ್ಡು ಕೇಳಲಿಲ್ಲ. "ಇಂಥದ್ದು ಕೈಯಲ್ಲಿ ಹಿಡಿಯಲು ಸಿಕ್ಕಿತಲ್ಲ" ಅಂದರು.

ನನ್ನ ಮಾತು ಕೇಳಿದರೆ ಮುಟ್ಟಬೇಡಿ. ನಮ್ಮಲ್ಲಿ ಕೈಲ್‌ಪೋಳ್ದ್ ಅನ್ನುವ ಆಯುಧ ಹಬ್ಬದ ದಿನ ಮನೆಯ ಕೋವಿ, ಕತ್ತಿ ಎಲ್ಲ ಇಟ್ಟು ತೋಕ್ ಪೂ ಅನ್ನುವ ಹೂ ಏರಿಸಿ ಪೂಜೆ ಮಾಡುತ್ತೇವೆ. ಅದರಲ್ಲಿ ಒಂದು ಒಡಿಕತ್ತಿ, ಅಂದರೆ ಕೊಡವರ ಅಗಲ ಅಲಗಿನ ಯುದ್ಧದ ಕತ್ತಿ, ಇದೆ, ತುಂಬಾ ತಲೆಮಾರಿನದು. ಅದರ ಬಾಯಿ ಮೊಂಡಾಗಿದೆ. ಯಾರೂ ಸಾಣೆ ಹಿಡಿಯುವುದಿಲ್ಲ. ಕೊನೆಯ ಸಲ ಹಿಡಿದವರು ಹೇಗೆ ಬಿಟ್ಟರೋ ಹಾಗೇ ಇರಲಿ ಅಂತ. ಆ ಅರದ ಗೆರೆಗಳು ಅವರ ಕೈಯವು. ಬೆಂಕಿಗೆ ಇಟ್ಟರೆ ಹೋಗುತ್ತವೆ. ಎಣ್ಣೆ ಹಚ್ಚಿ, ಪಂಚೆಯಲ್ಲೇ ಸುತ್ತಿ ಇಡಿ.

---

ಟೂಲ್‌ರೂಮ್

ಮೇಲಿನವರ ಮಾತು ನನಗೆ ಅರ್ಥ ಆಗುತ್ತದೆ. ಆದರೆ ಒಡಿಕತ್ತಿ ಕೆಲಸ ಮಾಡಿ ಮುಗಿಸಿ ಸುಮ್ಮನಾದದ್ದು. ಇದು ಇನ್ನೂ ಶುರುವೇ ಮಾಡಿಲ್ಲ. ಹದ ಹಾಕದ ಅಲಗು ಬರೀ ಕತ್ತಿಯ ಆಕಾರದ ಕಬ್ಬಿಣ. ಆಚಾರ್ರು ಶೋಕೇಸಿಗೆ ಅಂತ ಏನನ್ನೂ ಬಡಿದವರಲ್ಲ. ನಾನಂತೂ ಹದ ಹಾಕಿ ಅನ್ನುತ್ತೇನೆ. 26 ವರ್ಷ ಹೀಟ್ ಟ್ರೀಟ್‌ಮೆಂಟ್ ಮಾಡಿದ್ದೇನೆ. ನನಗೆ ಗೊತ್ತಿರುವುದು ಹೇಳುತ್ತೇನೆ.

ಮೊದಲು ಆ ಪ್ಲೇಟಿನ ಉಳಿದ ತುಂಡು ಹುಡುಕಿ. ಅವರು ಏನನ್ನೂ ಎಸೆಯುತ್ತಿರಲಿಲ್ಲ, ಖಂಡಿತ ಮೂಲೆಯಲ್ಲಿ ಇರುತ್ತದೆ. ಲಾರಿ ಸ್ಪ್ರಿಂಗ್ ಅಂದರೆ ಎಲ್ಲ ಒಂದೇ ಅಲ್ಲ. 5160 ಅನ್ನುವ ಜಾತಿಯ ಉಕ್ಕು ಆದರೆ ಕ್ರೋಮಿಯಂ ಇರುತ್ತದೆ, ಸುಮಾರು 830 ಡಿಗ್ರಿಗೆ ಸಿದ್ಧ. ಇಎನ್‌45 ಅನ್ನುವ ಜಾತಿ ಆದರೆ ಸಿಲಿಕಾನ್ ಜಾಸ್ತಿ, ಅದಕ್ಕೆ ಇನ್ನಷ್ಟು ಕಾವು ಬೇಕು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ತುಂಡು ಬೇಕು ಅಂದದ್ದು.

ಅದರಿಂದ ಬೆರಳಗಲದ ಮೂರು ಪಟ್ಟಿ ಕತ್ತರಿಸಿ. 770 ಡಿಗ್ರಿ ಹತ್ತಿರ ಆಯಸ್ಕಾಂತ ಹಿಡಿಯುವುದು ನಿಲ್ಲುತ್ತದೆ. ಒಂದು ಪಟ್ಟಿಯನ್ನು ಅಲ್ಲಿಂದ ಸ್ವಲ್ಪ ಮೇಲೆ, ಇನ್ನೊಂದನ್ನು ಅದಕ್ಕಿಂತ ಒಂದು ಬಣ್ಣ ಮೇಲೆ, ಮೂರನೆಯದನ್ನು ಇನ್ನೂ ಮೇಲೆ ಕಾಯಿಸಿ ಎಣ್ಣೆಗೆ ಅದ್ದಿ. ಅರ ಹಾಕಿ ನೋಡಿ. ಅರ ಕಚ್ಚದೆ ಜಾರಿದರೆ ಗಟ್ಟಿ ಆಗಿದೆ. ಆಮೇಲೆ ಮೂರನ್ನೂ ಮುರಿಯಿರಿ. ನಿಮ್ಮ ರವೆಯ ಲೆಕ್ಕ ಇಲ್ಲಿ ಬೇಕು. ಅರ ಜಾರಬೇಕು, ಕಾಳು ಮೈದಾ ಆಗಿರಬೇಕು. ಎರಡೂ ಇರುವ ಪಟ್ಟಿಯ ಬಣ್ಣವೇ ನಿಮ್ಮ ಬಣ್ಣ.

ಅಲಗಿನ ಬಾಯಿ ಎಷ್ಟು ದಪ್ಪ ಇದೆ? 1 ಮಿಲಿಮೀಟರ್ ಆದರೂ ಇರಬೇಕು, ಅದಕ್ಕಿಂತ ತೆಳ್ಳಗಿದ್ದರೆ ಸೊಟ್ಟ ಆಗುತ್ತದೆ. ಅದ್ದುವ ಮೊದಲು ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಲು ಬಿಡಿ, ಪ್ರತಿ ಸಲ ಸ್ವಲ್ಪ ಕಡಿಮೆ ಕಾವು. ಬಡಿದ ಒತ್ತಡ ಇಳಿಯುತ್ತದೆ. ಎಣ್ಣೆ ಬೆಚ್ಚಗೆ, 50-60 ಡಿಗ್ರಿ ಇರಲಿ. ನೇರವಾಗಿ ಅದ್ದಿ, ಪಕ್ಕಕ್ಕೆ ಆಡಿಸಬೇಡಿ. ಕೈಗೆ ತಡೆಯುವಷ್ಟು ತಣ್ಣಗಾದ ಕೂಡಲೇ 200 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ, ಎರಡು ಸಲ. ನಾಳೆ ಮಾಡಿದರಾಯಿತು ಅಂತ ಬಿಡಬೇಡಿ. ಅಷ್ಟು ಗಟ್ಟಿ ಇರುವಾಗ ನೆಲಕ್ಕೆ ಬಿದ್ದರೂ ಮುರಿಯಬಹುದು.

ಆಚಾರ್ರಿಗೂ ನನಗೂ ಓವನ್ನಿನ ವಿಷಯದಲ್ಲಿ ಯಾವಾಗಲೂ ವಾದ. ಅವರು ಕಾದ ಕಬ್ಬಿಣದ ಹಲಗೆಯ ಮೇಲೆ ಅಲಗಿನ ಬೆನ್ನು ಇಟ್ಟು, ಬಾಯಿಗೆ ಜೇನಿನ ಬಣ್ಣ ಹರಿದು ಬಂದಾಗ ತೆಗೆಯುತ್ತಿದ್ದರು. ಒಂದು ಸಲ ಅವರದೊಂದು ಕತ್ತಿಯ ಗಡಸುತನವನ್ನು ಮೆಷಿನ್ನಿನಲ್ಲಿ ಐದು ಕಡೆ ಅಳೆದೆ. ಬಾಯಿಯ ಉದ್ದಕ್ಕೂ ಎಲ್ಲ ಒಂದೇ ಸಮ. ಆಮೇಲೆ ನಾನು ವಾದ ಮಾಡಲಿಲ್ಲ.

---

ಅಡಿಕೆ ಚಪ್ಪರ

ನಾನು ಕತ್ತಿ ಮಾಡುವವಳಲ್ಲ. ನಮ್ಮ ಮನೆಯ ಕತ್ತಿ, ಕುಡುಗೋಲು, ಮೆಟ್ಟುಗತ್ತಿ ಎಲ್ಲ ಅವರದೇ. ಅಡಿಕೆ ಸುಲಿಯಲು 14 ಹೆಂಗಸರು ಬರುತ್ತಾರೆ. ಅವರಲ್ಲಿ ಒಬ್ಬರು ಎಡಗೈಯವರು ಅಂತ ಗೊತ್ತಾಗಿ, ಮುಂದಿನ ಸುಗ್ಗಿಗೆ ಬಾಯಿಯ ಓರೆ ತಿರುಗಿಸಿ ಬೇರೆಯೇ ಮೆಟ್ಟುಗತ್ತಿ ಮಾಡಿ ತಂದಿದ್ದರು. ನಾವು ಕೇಳಿರಲಿಲ್ಲ.

ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನೀವೆಲ್ಲ ಬಣ್ಣ, ಡಿಗ್ರಿ ಅಂತಿದ್ದೀರಿ. ಬ್ಲೋವರ್ ಬರುವ ಮೊದಲು ತಿದಿ ಒತ್ತುತ್ತಿದ್ದವರು ಯಾರು? ಅಮ್ಮ. ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಕುಲುಮೆಯ ಕಿಟಕಿಗೆ ಗೋಣಿ ಇಳಿಬಿಟ್ಟು ಕತ್ತಲು ಮಾಡುತ್ತಿದ್ದರು. ಅಮ್ಮ ತಿದಿ ಹತ್ತಿರ, ಅವರು ಇಕ್ಕಳ ಹಿಡಿದು. "ಹಣ್ಣಡಿಕೆ ಆಯ್ತು" ಅಂತ ಅಮ್ಮ ಅನ್ನುತ್ತಿದ್ದರು. ಆಗ ಅವರು ತೆಗೆಯುತ್ತಿದ್ದರು. ಆಚಾರ್ರಿಗೆ ಕಣ್ಣಿನ ಪೊರೆ ಬಂದು ಆಪರೇಷನ್ ಆಗುವ ತನಕ ಎರಡು ಸುಗ್ಗಿಯ ಕತ್ತಿಗಳಿಗೆಲ್ಲ ಬಣ್ಣ ನೋಡಿದ್ದು ಅಮ್ಮನೇ.

ಅಮ್ಮನನ್ನು ಕೇಳಿದ್ದೀರಾ?

---

ಭಾನುವಾರದ ಕುಲುಮೆ

ಇಲ್ಲ. ಕೇಳಿರಲಿಲ್ಲ. ಒಂಬತ್ತು ವರ್ಷ ಆ ಮನೆಯಲ್ಲಿ ಉಂಡಿದ್ದೇನೆ. ಅಮ್ಮ ಅಂದರೆ ಕಾಫಿ ತರುವವರು ಅಂತಲೇ ಅಂದುಕೊಂಡಿದ್ದೆ. ಇದನ್ನು ಬರೆಯುವಾಗ ನಾಚಿಕೆ ಆಗುತ್ತಿದೆ. ಶುಕ್ರವಾರ ರಾತ್ರಿ ರೈಲು ಹತ್ತುತ್ತೇನೆ.

---

ಭಾನುವಾರದ ಕುಲುಮೆ

ಹೋಗಿ ಬಂದೆ.

ಅಮ್ಮ ಮೊದಲು ಬೇಡ ಅಂದರು. ಕುಲುಮೆಯ ಬಾಗಿಲು ತೆಗೆಯಲು ಅವರಿಗೆ ಮನಸ್ಸಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ತಾವೇ ಎದ್ದು ಬೀಗದ ಕೈ ತಂದರು. ಮಳೆಗೆ ಇದ್ದಿಲು ತಂಡಿ ಹಿಡಿದಿತ್ತು. ಒಲೆಯ ಹತ್ತಿರ ಹರಡಿ ಒಣಗಿಸಿದೆವು. ಸ್ಪ್ರಿಂಗ್ ಪ್ಲೇಟಿನ ತುಂಡು ಎಲ್ಲಿದೆ ಅಂತ ನಾನು ಹುಡುಕುತ್ತಿದ್ದರೆ, ಅಮ್ಮ ನೇರ ಕಬ್ಬಿಣ ಬಡಿಯುವ ಅಡಿಗಲ್ಲಿನ ಹಿಂದಿನ ಡಬ್ಬಕ್ಕೆ ಕೈ ಹಾಕಿ ತೆಗೆದುಕೊಟ್ಟರು.

ಟೂಲ್‌ರೂಮ್ ಅವರು ಹೇಳಿದ ಹಾಗೆ ಮೂರು ಪಟ್ಟಿ ಮಾಡಿದೆ. ಮೊದಲನೆಯದಕ್ಕೆ ಅರ ಕಚ್ಚಿತು. ಮೂರನೆಯದು ಚಿರೋಟಿ ರವೆ. ನಡುವಿನದು ಸರಿ ಇತ್ತು. ಅದನ್ನು ಕಾಯಿಸುವಾಗ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ತೆಗೆಯುವುದಕ್ಕೆ ಒಂದು ಕ್ಷಣ ಮೊದಲು ಅವರ ತುಟಿ ಅಲ್ಲಾಡಿತು. ಅದನ್ನು ನೋಡಿದ ಮೇಲೆ ನಾನು ಆಯಸ್ಕಾಂತ ಬದಿಗಿಟ್ಟೆ.

ಕಿಟಕಿಗೆ ಗೋಣಿ ಇಳಿಬಿಟ್ಟೆವು. ಅಮ್ಮ ಬ್ಲೋವರಿನ ಪಕ್ಕ ಕೂತು ಗಾಳಿಯ ತಿರುಗಣೆ ಹಿಡಿದರು. ಕತ್ತಲಲ್ಲಿ ಅಲಗು ಬಾಲದ ಕಡೆಯಿಂದ ನಿಧಾನಕ್ಕೆ ಬಣ್ಣ ಏರುತ್ತಾ ಬಂತು. ಮೊನೆ ಬೇಗ ಕಾಯಬಾರದು ಅಂತ ನಾನು ಹಿಂದೆ ಮುಂದೆ ಎಳೆಯುತ್ತಿದ್ದೆ. ಅಮ್ಮ ಎರಡು ಸಲ ಗಾಳಿ ತಗ್ಗಿಸಿದರು. ನಾನು ಹೇಳಿರಲಿಲ್ಲ. "ಹಣ್ಣಡಿಕೆ" ಅಂದರು. ಹೊಂಗೆ ಎಣ್ಣೆಗೆ ಅದ್ದಿದೆ. ಬುಸ್ ಅಂತ ಹೊಗೆ ಎದ್ದಿತು. ಇಬ್ಬರೂ ಕಿವಿ ಕೊಟ್ಟು ನಿಂತೆವು. ಹತ್ತು ಎಣಿಸುವಷ್ಟು ಹೊತ್ತು. ಟಿಕ್ ಶಬ್ದ ಬರಲಿಲ್ಲ.

ಮೊನೆ ಒಂದು ಅಕ್ಕಿಕಾಳಿನಷ್ಟು ಎಡಕ್ಕೆ ವಾಲಿತ್ತು. ಬಿಸಿ ಇರುವಾಗಲೇ ಎರಡು ಮರದ ತುಂಡಿನ ನಡುವೆ ಒತ್ತಿ ಸರಿ ಮಾಡಿದೆ. ಓವನ್ ಅಲ್ಲಿ ಇರಲಿಲ್ಲ, ಅವರ ಹಲಗೆಯ ಮೇಲೆಯೇ ಜೇನಿನ ಬಣ್ಣ ತರಿಸಿದೆವು. ಇಲ್ಲಿ ಬೆಂಗಳೂರಿನಲ್ಲಿ ಓವನ್ನಿನಲ್ಲಿ 200ಕ್ಕೆ ಇನ್ನೊಂದು ಸಲ ಇಡುತ್ತೇನೆ. ಒಡಿಕತ್ತಿ ಅವರೇ, ಬಾಯಿಯ ಕಡೆ ಅರದ ಗೆರೆ ಹೋಯಿತು. ಬೆನ್ನಿನ ಹತ್ತಿರ ಎರಡು ಬೆರಳಗಲ ಹಾಗೇ ಬಿಟ್ಟಿದ್ದೇನೆ. ಅಲ್ಲಿ ಬೆಲ್ಟು ಮುಟ್ಟಿಸುವುದಿಲ್ಲ.

ಒಣ ಬಿದಿರು ಕಡಿದೆ. ಉಗುರಿನಲ್ಲಿ ಸವರಿದೆ. ಆಮೇಲೆ ಚುಕ್ಕೆಯ ಉಳಿ ತೆಗೆದು ಅಮ್ಮನಿಗೆ ಕೊಟ್ಟೆ. ಅವರು ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಮತ್ತೆ ಗೂಡಿನಲ್ಲಿ ಇಟ್ಟರು. "ಎರಡೇ ಇರಲಿ. ಮೂರನೇದು ಅವರೇ ಹಾಕ್ತಿದ್ರು" ಅಂದರು. ಬಾಲಕ್ಕೆ ಹಳೇ ಬಟ್ಟೆ ಬಿಗಿಯಾಗಿ ಸುತ್ತಿ ಕತ್ತಿಯನ್ನು ಹಿತ್ತಲಿಗೆ ತಗೊಂಡು ಹೋದರು. ಬಾಳೆದಿಂಡು ಕಡಿದು ತಂದು, ಮೆಟ್ಟಿಲ ಮೇಲೆ ಕೂತು ಅದರಲ್ಲೇ ಹೆಚ್ಚಿದರು. ರಾತ್ರಿ ಅದರ ಪಲ್ಯ.

ಹಿಡಿ ಇನ್ನೂ ಹಾಕಿಲ್ಲ. ಹಲಸಿನ ಮರದ ತಿರುಳು ಬೇಕು, ಕಡಿಮೆ ಅಂದರೂ ಮೂರು ವರ್ಷ ಒಣಗಿದ್ದು. ಒಂದು ಗೇಣು ಉದ್ದ ಸಾಕು. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಸುಗ್ಗಿ ಶುರು ಆಗುವ ಮೊದಲು ಕತ್ತಿಯನ್ನು ಅಮ್ಮನಿಗೆ ತಲುಪಿಸಬೇಕು.