ಮಗಳು ಸ್ಕೂಲ್ ಬ್ಯಾಂಡಿಗೆ ಸೇರಿದ್ದಾಳೆ, ಅನುಭವ ಇದ್ದವರು ಸ್ವಲ್ಪ ಹೇಳ್ತೀರಾ?

ತುಮಕೂರಿನ ಅಮ್ಮ:
ಮಗಳು ಎಂಟನೇ ಕ್ಲಾಸು. ಜೂನ್‌ನಲ್ಲಿ ಸ್ಕೂಲ್ ಶುರುವಾದಾಗ ಬ್ಯಾಂಡಿಗೆ ಹೆಸರು ಕೊಟ್ಟಳು. ಕೇಳಿದ್ದು ಊದೋ ಬ್ಯೂಗಲ್, ಸಿಕ್ಕಿದ್ದು ಹೆಗಲಿಗೆ ನೇತುಹಾಕಿ ಎರಡು ಕೋಲಲ್ಲಿ ಬಾರಿಸೋ ಸೈಡ್ ಡ್ರಮ್. ಮೂರು ವಾರ ಆಯ್ತು, ಡ್ರಮ್ ಇನ್ನೂ ಹೆಗಲಿಗೇರಿಲ್ಲ. ಪಿ.ಟಿ. ಸರ್ ದಿನಾ ಬರೀ ನಡೆಸುತ್ತಾರಂತೆ, ಚಪ್ಪಾಳೆ ತಟ್ಟಿಸುತ್ತಾರಂತೆ. "ಬಿಟ್ಬಿಡ್ತೀನಮ್ಮಾ" ಅಂತಿದ್ದಾಳೆ. ನಮ್ಮ ಮನೆಯಲ್ಲಿ ಯಾರಿಗೂ ಇದರ ಗಂಧಗಾಳಿ ಇಲ್ಲ. ಆಗಸ್ಟ್ 15ಕ್ಕೆ ಬಾರಿಸುವಷ್ಟು ಕಲಿಯಬಹುದಾ? ಮನೆಯಲ್ಲಿ ಏನು ಅಭ್ಯಾಸ ಮಾಡಿಸಲಿ?

ಹಳೇ ಸೈಡ್ ಡ್ರಮ್:
ಬಿಡಿಸಬೇಡಿ ಮೇಡಂ. ಆ ಸರ್ ಸರಿಯಾಗೇ ಕಲಿಸುತ್ತಿದ್ದಾರೆ. ನಮಗೆ ಹಾಗೆ ಕಲಿಸಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಮಗೆ ಮೊದಲ ದಿನವೇ ಡ್ರಮ್ ಕೊಟ್ಟರು. ಮರದ ಕೆಳಗೆ ನಿಂತು ಬಾರಿಸಿದ್ದೇ ಬಾರಿಸಿದ್ದು. ಒಂದು ತಿಂಗಳಲ್ಲಿ ಕೈ ಚೆನ್ನಾಗಿ ಕುದುರಿತು. ಆದರೆ ನಡೆಯುತ್ತಾ ಬಾರಿಸಿದ್ದು ಕೊನೆಯ ನಾಲ್ಕು ದಿನ ಮಾತ್ರ. ಸ್ವಾತಂತ್ರ್ಯ ದಿನ ತಾಲ್ಲೂಕು ಮೈದಾನದಲ್ಲಿ ತಿರುವು ಬಂತು. ನಾನು ಕೈ ನೋಡಿಕೊಂಡೆ, ಕಾಲು ತಪ್ಪಿತು. ನನ್ನ ಹಿಂದಿದ್ದವನು ನನ್ನ ಕಾಲು ನೋಡಿ ಕಾಲು ಬದಲಿಸಿದ. ಅವನ ಹಿಂದಿದ್ದವನೂ ಅಷ್ಟೇ. ಒಂದು ಸಾಲು ಪೂರ್ತಿ ಕುಂಟಾಬಿಲ್ಲೆ ಆಡಿದ ಹಾಗೆ ಹಾರುತ್ತಾ ಹೋಯಿತು.

ಇದರ ಲೆಕ್ಕ ಇಷ್ಟೇ. ಕವಾಯತಿನ ನಡಿಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಅಂದರೆ ಸೆಕೆಂಡಿಗೆ ಎರಡು. ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲಿನ ಜೊತೆಗೇ ಬೀಳುತ್ತದೆ. ಸೈಡ್ ಡ್ರಮ್ ಅದರ ನಡುವಿನ ಜಾಗ ತುಂಬುತ್ತದೆ. ಎಡಗಾಲು ಯಾವಾಗ ನೆಲಕ್ಕೆ ಬೀಳುತ್ತದೆ ಅಂತ ಯೋಚನೆ ಮಾಡದೇ ಗೊತ್ತಾಗಬೇಕು. ಅಷ್ಟಾದರೆ ಕೈಗೆ ಕಲಿಸೋದು ಕಷ್ಟವಲ್ಲ. ಚಪ್ಪಾಳೆ ಹೊಡೆಸುತ್ತಿರೋದು ಅದಕ್ಕೇ.

ಮನೆಗೆ ಡ್ರಮ್ ತರೋದು ಬೇಡ, ಕೋಲು ಸಾಕು. ಹಳೇ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ದಪ್ಪ ಪುಸ್ತಕದ ಮೇಲಿಡಿ. ಕೋಲು ಅದರ ಮೇಲೆ ಚೆನ್ನಾಗಿ ಪುಟಿಯುತ್ತದೆ, ಸದ್ದೂ ಕಡಿಮೆ. ಮೊದಲು ಬಲಗೈ ಒಂದು, ಎಡಗೈ ಒಂದು. ಆಮೇಲೆ ಬಲಗೈ ಎರಡು, ಎಡಗೈ ಎರಡು. ನಮ್ಮ ಮೇಷ್ಟ್ರು ಇದನ್ನ "ಅಮ್-ಮ, ಅಪ್-ಪ" ಅಂತ ಬಾಯಲ್ಲಿ ಹೇಳಿಸುತ್ತಿದ್ದರು. ನಿಧಾನಕ್ಕೆ ಮಾಡಲಿ. ಜೋರಾಗಿ ಬಾರಿಸಿದರೆ ಬಂತು ಅಂತ ಮಕ್ಕಳಿಗೆ ಅನ್ನಿಸುತ್ತೆ, ಬಂದಿರೋಲ್ಲ. ದಿನಾ ಹದಿನೈದು ನಿಮಿಷ, ಜೊತೆಗೆ ನಿಂತಲ್ಲೇ ಕಾಲು ಎತ್ತಿಡುತ್ತಾ.

ಡ್ರಮ್ ಕೈಗೆ ಬಂದ ಮೇಲೆ ಎಡತೊಡೆ ನೋಡಿ. ಹೆಗಲ ಪಟ್ಟಿ ಉದ್ದ ಇದ್ದರೆ ಹೆಜ್ಜೆಗೊಂದು ಸಲ ಡ್ರಮ್ಮಿನ ಅಂಚು ತೊಡೆಗೆ ಬಡಿಯುತ್ತೆ. ನನಗೆ ರೂಪಾಯಿಯಗಲ ನೀಲಿ ಕಲೆ ಆಗಿತ್ತು, ಹೇಳೋಕೆ ನಾಚಿಕೆ. ಪಟ್ಟಿಯನ್ನ ಎರಡು ತೂತು ಮೇಲಕ್ಕೆ ಹಾಕಿದರೆ ಮುಗೀತು.

ದೊಡ್ಡ ಡ್ರಮ್‌ನವನ ಅಕ್ಕ:
ನನ್ನ ತಮ್ಮ ಮೂರು ವರ್ಷ ದೊಡ್ಡ ಡ್ರಮ್ ಹೊತ್ತ. ದಪ್ಪಗಿದ್ದಾನೆ ಅಂತ ಕೊಟ್ಟರು ಅಂತಾನೇ ಎಲ್ಲರೂ ನಗೋರು. ನಿಜ ಏನಂದರೆ, ಯಾರು ಕೂಗಿದರೂ ನಡಿಗೆ ಜೋರು ಮಾಡದ ಹುಡುಗ ಅವನೊಬ್ಬನೇ ಇದ್ದ. ಇನ್ನೊಂದು ವಿಷಯ, ತಿಂಡಿ ತಿನ್ನಿಸಿ ಕಳಿಸಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಿಸಿಲಲ್ಲಿ ನಿಂತು ತಲೆ ತಿರುಗಿ ಬಿದ್ದವರು ಪ್ರತಿ ವರ್ಷ ಒಬ್ಬರಾದರೂ ಇರುತ್ತಿದ್ದರು.

ಬ್ಯೂಗಲ್‌ನವನು:
ಬ್ಯೂಗಲ್ ಸಿಗಲಿಲ್ಲ ಅಂತ ಬೇಜಾರಾಗಿದ್ದರೆ ಇದನ್ನ ಓದಿ ಹೇಳಿ. ಅದಕ್ಕೆ ಒತ್ತೋಕೆ ಒಂದು ಗುಂಡಿಯೂ ಇಲ್ಲ. ಸ್ವರ ಬದಲಿಸೋದೆಲ್ಲ ತುಟಿ ಬಿಗಿ ಮಾಡಿ, ಸಡಿಲ ಮಾಡಿ. ಸಿಗೋದು ಐದಾರು ಸ್ವರ. ಮೊದಲ ಎರಡು ವಾರ ನನ್ನದರಿಂದ ಬಂದದ್ದು ಎಮ್ಮೆ ಕೂಗು. ಕೆನ್ನೆ ಉಬ್ಬಿಸಿ ಊದಿದರೆ ತಲೆ ಸುತ್ತುತ್ತೆ, ಅಷ್ಟೇ. ತುಟಿ ಮುಚ್ಚಿ "ಬ್ರ್ರ್" ಅಂತ ನಡುಗಿಸೋದನ್ನ ಮೊದಲು ಕಲಿಯಬೇಕು. ಮಕ್ಕಳು ಗಾಡಿ ಓಡಿಸೋ ಆಟ ಆಡುತ್ತಾರಲ್ಲ, ಹಾಗೆ.

ನನ್ನ ಮರ್ಯಾದೆ ಹೋದದ್ದು ಬೂಂದಿ ಲಾಡಿನಿಂದ. ಧ್ವಜಾರೋಹಣ ಆದಮೇಲೆ ಹಂಚಬೇಕಾದ ಲಾಡನ್ನ ನಾನು ಮೊದಲೇ ಒಂದು ಎತ್ತಿ ಬಾಯಿಗೆ ಹಾಕಿಕೊಂಡಿದ್ದೆ. ಬಾವುಟ ಏರಿತು, ನಾನು ಊದಿದೆ, ಒಂದು ಕಾಳು ಹೋಗಿ ಬಾಯಿಡುವ ತುದಿಯಲ್ಲಿ ಕೂತಿತು. "ಪುಸ್" ಅಂತ ಗಾಳಿ ಬಂತು. ಇವತ್ತಿಗೂ ಊರಲ್ಲಿ ನನ್ನನ್ನ ಲಾಡು ಅಂತಾರೆ. ಮುಂದೆ ಯಾವಾಗಲಾದರೂ ಅವಳಿಗೆ ಬ್ಯೂಗಲ್ ಸಿಕ್ಕಿದರೆ ಆ ತುದಿಯನ್ನ ತೊಳೆದೇ ಬಾಯಿಗಿಡಲಿ. ಹಿಂದಿನ ವರ್ಷದವರ ಎಂಜಲು ಅದರಲ್ಲೇ ಇರುತ್ತೆ.

ಹಳೇ ಸೈಡ್ ಡ್ರಮ್:
ಆಗಸ್ಟ್ 15ಕ್ಕೆ ಸರ್ ಹಿಂದಿನ ಸಾಲಲ್ಲಿ ನಿಲ್ಲಿಸಿದರೆ ಜಗಳಕ್ಕೆ ಹೋಗಬೇಡಿ. ನವೆಂಬರ್ 1 ಇದೆ, ಜನವರಿ 26 ಇದೆ. ಹಿಂದಿನ ಸಾಲಲ್ಲಿ ಮುಂದಿನವರ ಬೆನ್ನು ನೋಡಿಕೊಂಡೇ ಅರ್ಧ ಕಲಿಯಬಹುದು.

ತುಮಕೂರಿನ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಲಾಡಿನ ಕಥೆ ಓದಿ ಹೇಳಿದೆ, ಬ್ಯೂಗಲ್ ಆಸೆ ಸ್ವಲ್ಪ ತಣ್ಣಗಾಗಿದೆ. ನಮ್ಮ ಯಜಮಾನರ ಚಪ್ಪಲಿ ಒಂದು ಹೋಯಿತು. ಎರಡು ದಿನದಿಂದ ಮನೆಯೆಲ್ಲ ಅಮ್ಮ ಅಪ್ಪ, ಅಮ್ಮ ಅಪ್ಪ. ಆದರೆ ಅಮ್ಮ ಚೆನ್ನಾಗಿ ಕೇಳುತ್ತೆ, ಅಪ್ಪ ಒಂದೇ ಪೆಟ್ಟಿನಲ್ಲಿ ಮುಗಿದುಹೋಗುತ್ತಾರೆ. ಏನು ಮಾಡೋದು?

ಹಳೇ ಸೈಡ್ ಡ್ರಮ್:
ಎಲ್ಲರ ಎಡಗೈಯೂ ಸೋಮಾರಿನೇ. ದಿಂಬಿನ ಮೇಲೆ ಐದು ನಿಮಿಷ ಬಾರಿಸಲಿ. ದಿಂಬಿನಲ್ಲಿ ಕೋಲು ಪುಟಿಯೋಲ್ಲ, ಮಣಿಕಟ್ಟೇ ಎತ್ತಬೇಕಾಗುತ್ತೆ. ಆಮೇಲೆ ಚಪ್ಪಲಿಗೆ ಬಂದು, ಒಂದು ವಾರ ಅಪ್ಪನಿಂದ ಶುರು ಮಾಡಲಿ.