ಒಬ್ಬರಿಗೆ ಎಷ್ಟು ‘ಕಾವ್ಯನಾಮ’ ಇರಬಹುದು?

ಗೆಳೆಯರೇ, ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಸ್ವಲ್ಪ ಕೈ ಹಿಡಿಯಿರಿ.

ಇಂಗ್ಲಿಷ್ ಕಾದಂಬರಿಗಾರ್ತಿ ಎಲೀನರ್ ಹಿಬರ್ಟ್ ಬಗ್ಗೆ ಒಂದು ಪುಟದ ಪರಿಚಯ ಬರೆಯುತ್ತಿದ್ದೇನೆ. ಈ ಹೆಸರು ಹೇಳಿದರೆ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ವಿಕ್ಟೋರಿಯಾ ಹೋಲ್ಟ್ ಅಂದರೆ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಬೆಳೆದವರು ‘ಓ, ಅವರಾ!’ ಅಂತಾರೆ. ಜೀನ್ ಪ್ಲೇಡಿ ಅಂದರೆ ಇನ್ನು ಕೆಲವರು. ಇಬ್ಬರೂ ಇವರೇ. ಫಿಲಿಪ್ಪಾ ಕಾರ್ ಕೂಡ ಇವರೇ. 1906ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1993ರಲ್ಲಿ ಹಡಗಿನ ಪ್ರವಾಸದಲ್ಲಿದ್ದಾಗಲೇ ತೀರಿಕೊಂಡ ಈಕೆ ಬರೆದದ್ದು ಸುಮಾರು 200 ಪುಸ್ತಕ.

‘ಹಿಬರ್ಟ್ ಏಳೆಂಟು ಕಾವ್ಯನಾಮಗಳಲ್ಲಿ ಬರೆದರು’ ಅಂತ ಬರೆದೆ. ಓದಿ ನೋಡಿದರೆ ಯಾಕೋ ಕಿವಿಗೆ ಒಗ್ಗಲಿಲ್ಲ.

ಕಾದಂಬರಿಗೆ ‘ಕಾವ್ಯ’ ಯಾಕೆ ಅನ್ನೋ ತಕರಾರು ನನ್ನದಲ್ಲ. ‘ತ್ರಿವೇಣಿ’ ಬರೆದದ್ದು ಕಾದಂಬರಿ, ಆದರೂ ಅದನ್ನು ಕಾವ್ಯನಾಮ ಅಂತಲೇ ಕರೆಯುತ್ತೇವೆ. ನನ್ನ ತೊಂದರೆ ಲೆಕ್ಕದ್ದು. ಕಾವ್ಯನಾಮ ಅಂದರೆ ಒಬ್ಬರಿಗೆ ಒಂದು, ಮೈಗೆ ಅಂಟಿಕೊಂಡದ್ದು, ಅಲ್ವಾ? ಬೇಂದ್ರೆಯವರ ‘ಅಂಬಿಕಾತನಯದತ್ತ’ದಲ್ಲಿ ತಾಯಿಯೇ ಕೂತಿದ್ದಾರೆ. ಮಾಸ್ತಿ ‘ಶ್ರೀನಿವಾಸ’ರಾದ ಮೇಲೆ ಇನ್ನೊಂದು ಬಗೆಯ ಕಥೆಗೆ ಇನ್ನೊಂದು ಹೆಸರು ಹುಡುಕಲಿಲ್ಲ.

ಹಿಬರ್ಟ್ ಹಾಗೆ ಹುಡುಕಿದರು. ಒಂದೊಂದು ಬಗೆಯ ಸರಕಿಗೆ ಒಂದೊಂದು ಬೋರ್ಡು. ರಾಜ ರಾಣಿಯರ ಕಥೆಗೆ ಪ್ಲೇಡಿ. ದೊಡ್ಡ ಬಂಗಲೆ, ಅಲ್ಲಿಗೆ ಒಂಟಿಯಾಗಿ ಬರುವ ಹುಡುಗಿ, ಮನೆಯವರು ಬಾಯಿಬಿಡದ ಗುಟ್ಟು, ಇದೆಲ್ಲ ಹೋಲ್ಟ್. ಒಂದೇ ವಂಶದ ಹೆಂಗಸರ ಕಥೆ ತಲೆಮಾರಿನಿಂದ ತಲೆಮಾರಿಗೆ ಸಾಗಿದರೆ ಕಾರ್. ಹೆಸರು ಹುಟ್ಟಿದ ಬಗೆಯೂ ನೋಡಿ: ಪ್ಲೇಡಿ ಅನ್ನೋದು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಒಂದು ಕಡಲತೀರ, ಹೋಲ್ಟ್ ಅನ್ನೋದು ಅವರ ಖಾತೆ ಇದ್ದ ಬ್ಯಾಂಕು! ಇನ್ನೊಂದು ಹೆಸರು ‘ಎಲ್‌ಬರ್ ಫೋರ್ಡ್’. ತವರಿನ ಹೆಸರಾದ ಎಲೀನರ್ ಬರ್ಫೋರ್ಡ್ ಅನ್ನೇ ಕತ್ತರಿಸಿ ಜೋಡಿಸಿದ್ದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ‘ಕುವೆಂಪು’ ಆದಂತೆಯೇ. ಇದೊಂದನ್ನು ಬೇಕಾದರೆ ಕಾವ್ಯನಾಮ ಅನ್ನಬಹುದೇನೋ.

ಬೇರೆ ಪದಗಳನ್ನೂ ಇಟ್ಟು ನೋಡಿದೆ. ‘ಗುಪ್ತನಾಮ’ ಅಂದರೆ ಪತ್ತೇದಾರಿಕೆಯ ವಾಸನೆ. ಆದರೆ ಪೂರ್ತಿ ತಪ್ಪೂ ಅಲ್ಲ. ಹೋಲ್ಟ್ ಯಾರು ಅನ್ನೋದು ಮೊದಲಿಗೆ ಗುಟ್ಟಾಗಿತ್ತು, ಇನ್ನೊಬ್ಬ ಹೆಸರಾಂತ ಕಾದಂಬರಿಗಾರ್ತಿ ಡಾಫ್ನೆ ಡು ಮೋರಿಯೇ ಇರಬೇಕು ಅಂತ ಓದುಗರು ಊಹಿಸಿದ್ದರು. ‘ಹುಸಿಹೆಸರು’ ಅಚ್ಚಗನ್ನಡ ನಿಜ, ಆದರೆ ಮೋಸ ಮಾಡಿದಂತೆ ಕೇಳುತ್ತೆ. ‘ಅಂಕಿತ’ ಬೇಡವೇ ಬೇಡ. ಅದು ವಚನದ, ಕೀರ್ತನೆಯ ಒಳಗೇ ಬರುವಂಥದ್ದು, ರಕ್ಷಾಪುಟದ ಮೇಲೆ ಅಚ್ಚಾಗುವ ಹೆಸರಲ್ಲ. ಸದ್ಯಕ್ಕೆ ‘ಬರಹದ ಹೆಸರು’ ಅಂತ ಇಟ್ಟುಕೊಂಡಿದ್ದೇನೆ. ಸಪ್ಪೆ, ಆದರೆ ಸುಳ್ಳು ಹೇಳುವುದಿಲ್ಲ.

ಇನ್ನೊಂದು ತೊಡಕು. ‘ವಿಕ್ಟೋರಿಯಾ ಹೋಲ್ಟ್ ತಮ್ಮ ಮೊದಲ ಕಾದಂಬರಿಯನ್ನು 1960ರಲ್ಲಿ ಪ್ರಕಟಿಸಿದರು’ ಅಂದರೆ ಸರಿಯೇ? ಆ ಹೊತ್ತಿಗೆ ಹಿಬರ್ಟ್ ಸುಮಾರು 20 ವರ್ಷದಿಂದ ಬರೆಯುತ್ತಿದ್ದರು. ‘ಹೋಲ್ಟ್ ಹೆಸರಿನ ಮೊದಲ ಕಾದಂಬರಿ’ ಅಂತ ಮಾಡಿದರೆ ವಾಕ್ಯ ನಿಲ್ಲುತ್ತೆ, ‘ಕಾವ್ಯ’ವೂ ಬೇಡ, ‘ಗುಪ್ತ’ವೂ ಬೇಡ. ಆದರೆ ಪರಿಚಯದ ತಲೆಗೆ ಈ ಹೆಸರುಗಳ ಪಟ್ಟಿ ಕೊಡಬೇಕು, ಅದಕ್ಕೊಂದು ಶೀರ್ಷಿಕೆ ಬೇಕು. ಅಲ್ಲಿ ನೀವಾದರೆ ಏನು ಹಾಕುತ್ತಿದ್ದಿರಿ?