ಪದಚರ್ಚೆ: ‘ಸೆಟ್‌ಬ್ಯಾಕ್’, ‘ನಿಲಂ’, ‘ಅನುವಾದಂ’ – ಕಟ್ಟಡದ ಫಲಕಕ್ಕೆ, ತುರ್ತು

ಕಾಸರಗೋಡು:
ವಸತಿ ಸಮುಚ್ಚಯವೊಂದರ ಜಾಗದಲ್ಲಿ ಮಲಯಾಳ–ಕನ್ನಡ ಫಲಕ ಹಾಕಬೇಕು, ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತದೆ. ಮಲಯಾಳ ಪಠ್ಯ ತಯಾರಿದೆ. ಕನ್ನಡ ಕರಡಿನಲ್ಲಿ ‘ಅನುವಾದಂ’ ಇದ್ದಲ್ಲಿ ‘ಕಟ್ಟಡ ಅನುವಾದ’, ‘ಸೆಟ್‌ಬ್ಯಾಕ್’ (ಗಡಿಗೂ ಕಟ್ಟಡಕ್ಕೂ ನಡುವೆ ಖಾಲಿ ಬಿಡುವ ಜಾಗ) ಇದ್ದಲ್ಲಿ ‘ಹಿನ್ಸರಿತ’, ‘ನಿಲಂ’ ಇದ್ದಲ್ಲಿ ‘ನೆಲ’ ಎಂದಿದೆ. ಮೊದಲನೆಯದು ತಪ್ಪು ಅನ್ನುವುದರಲ್ಲಿ ಸಂಶಯವಿಲ್ಲ. ಉಳಿದ ಎರಡಕ್ಕೆ ಏನು ಹಾಕಲಿ?

ಪೆರ್ಲ:
ಅನುವಾದಂ ಅಂದರೆ ಅನುಮತಿ, ಅಷ್ಟೆ. ಆದರೆ ಫಲಕದಲ್ಲಿ ಎರಡು ಕಾಗದಗಳ ನಂಬರ್ ಇದ್ದರೆ ಎರಡಕ್ಕೂ ಒಂದೇ ಪದ ಬೇಡ. ನಗರ ಯೋಜಕರು ಕೊಡುವುದು ವಿನ್ಯಾಸದ ಅನುಮೋದನೆ: ದಾರಿಯ ಅಗಲ, ವಾಹನ ನಿಲುಗಡೆ, ಬಿಟ್ಟ ಜಾಗ ಇವೆಲ್ಲ ನಿಯಮಕ್ಕೆ ಹೊಂದುತ್ತವೆ ಎಂದು. ಕಟ್ಟಲು ಬಿಡುವವರು ಪಂಚಾಯತು ಕಾರ್ಯದರ್ಶಿ, ಅವರದು ಪರವಾನಿಗೆ. ಎರಡನ್ನೂ ‘ಅನುಮತಿ’ ಮಾಡಿದರೆ ಮೊದಲನೆಯದು ಬಂದ ಕೂಡಲೇ ಅಡಿಪಾಯ ತೋಡಬಹುದು ಅಂತ ಜನ ಓದಿಕೊಳ್ಳುತ್ತಾರೆ.

ಸೆಟ್‌ಬ್ಯಾಕಿಗೆ ‘ಬಿಡಬೇಕಾದ ಜಾಗ’ ಸಾಕು. ‘ಹಿನ್ಸರಿತ’ ಕೇಳಿದರೆ ಸೋತ ಸೈನ್ಯ ನೆನಪಾಗುತ್ತದೆ.

ಬೆಂಗಳೂರು:
ಹಿನ್ಸರಿತ ಬೇಡವಾದರೆ ‘ಬಿಡುನೆಲ’ ಅನ್ನಿ, ಅಚ್ಚಗನ್ನಡ. ‘ನೆಲ’ ಮಾತ್ರ ತಪ್ಪಲ್ಲ. ನಿಲಂ, ನೆಲ ಎರಡೂ ಒಂದೇ ದ್ರಾವಿಡ ಬೇರಿನವು. ಬೇರಿಗೆ ಹತ್ತಿರದ ಪದ ನಮ್ಮಲ್ಲೇ ಇರುವಾಗ ಹೊರಗೆ ಹುಡುಕುವುದೇಕೆ?

ಪೆರ್ಲ:
ಬೇರು ಒಂದೇ ಇರಲಿ, ಕಾಗದದಲ್ಲಿ ಅರ್ಥ ಬೇರೆ. ಕೇರಳದ ಕಂದಾಯ ದಾಖಲೆಯಲ್ಲಿ ‘ನಿಲಂ’ ಎಂದರೆ ಭತ್ತದ ಗದ್ದೆ, ‘ಪುರಯಿಡಂ’ ಎಂದರೆ ಮನೆ ಹಿತ್ತಿಲು. 2008ರ ಗದ್ದೆ–ಜೌಗು ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಒಂದು ಶಬ್ದದ ಮೇಲೆ ಇಡೀ ಕಟ್ಟಡ ನಿಲ್ಲುತ್ತದೆ, ಬೀಳುತ್ತದೆ. ‘ಭೂಮಿಯ ವರ್ಗ: ನೆಲ’ ಎಂದು ಬರೆದರೆ ಪಕ್ಕದ ಮನೆಯವರಿಗೆ ಅದು ಗದ್ದೆಯೆಂದೇ ತಿಳಿಯುವುದಿಲ್ಲ. ಆಕ್ಷೇಪ ಇದ್ದರೂ ಸಲ್ಲಿಸುವುದಿಲ್ಲ. ‘ಗದ್ದೆ’ ಎಂದೇ ಬರೆಯಿರಿ.

ಬೆಂಗಳೂರು:
ಗದ್ದೆ ಮಾತಿನ ಪದ, ಕಚೇರಿಗೆ ‘ತರಿ’ ಇದೆ. ಒಣ ಜಮೀನಿಗೆ ಹೇಳುವ ಖುಷ್ಕಿಯಂತೆ ಪರಭಾಷೆಯದಲ್ಲ, ನಮ್ಮದೇ.

ಮಂಜೇಶ್ವರ:
ಖುಷ್ಕಿ ಪಾರಸಿ ಆದರೆ ತರಿಯೂ ಪಾರಸಿಯೇ, ‘ತರ್’ ಅಂದರೆ ಒದ್ದೆ. ಗದ್ದೆಯೇ ಹಳೆಯದು, ಶಾಸನಗಳಲ್ಲಿ ‘ಗೞ್ದೆ’ ಎಂದಿದೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಯನ್ನು ನೀರಿನ ಅನುಕೂಲ ನೋಡಿ ಮೂರಾಗಿ ಎಣಿಸುವ ಊರಿಗೆ ‘ತರಿ’ಯನ್ನು ಶುದ್ಧ ಕನ್ನಡವೆಂದು ಕಳಿಸುವುದು ಬೇಡ. ಎರವಲು ಪದದ ಮೇಲೆ ನನಗೆ ಸಿಟ್ಟಿಲ್ಲ. ಎರವಲನ್ನು ಅಚ್ಚಗನ್ನಡವೆಂದು ಸಾಧಿಸಿ, ಊರಲ್ಲಿ ಬಳಕೆಯಲ್ಲಿರುವುದನ್ನು ಕೀಳು ಮಾಡುವುದರ ಮೇಲೆ ಇದೆ.

ಬೆಂಗಳೂರು:
ಹಾಗಾದರೆ ಎಲ್ಲವನ್ನೂ ಮಲಯಾಳದಿಂದಲೇ ತೆಗೆದುಕೊಳ್ಳಿ. ದಾಖಲೆಯಲ್ಲಿ ಜಾಗದ ವರ್ಗ ಬದಲಿಸುವ ‘ತರಂ ಮಾಟ್ಟಂ’ಗೆ ‘ಭೂಪರಿವರ್ತನೆ’ ಸಿದ್ಧ ಪದ, ಅದೂ ಬೇಡವೇ?

ಪೆರ್ಲ:
ಬೇಡ. ಕರ್ನಾಟಕದ ಭೂಪರಿವರ್ತನೆ ಕೃಷಿಯಿಂದ ಕೃಷಿಯೇತರಕ್ಕೆ. ಇಲ್ಲಿ ತೆಂಗಿನ ತೋಟದಲ್ಲಿ ಮನೆ ಕಟ್ಟಲು ತರಂ ಮಾಟ್ಟಂ ಬೇಕಿಲ್ಲ, ಪ್ರಶ್ನೆ ಇರುವುದು ದಾಖಲೆಯಲ್ಲಿ ‘ನಿಲಂ’ ಎಂದಿರುವ ಜಾಗಕ್ಕೆ ಮಾತ್ರ. ‘ಭೂಪರಿವರ್ತನೆ’ ಎಂದರೆ ತೋಟದವರೂ ಕಂದಾಯ ಕಚೇರಿಗೆ ಓಡಬೇಕಾಗುತ್ತದೆ. ‘ವರ್ಗ ಬದಲಾವಣೆ’ ಎನ್ನಿ. ಅದಕ್ಕೂ ಮೊದಲು ಸರ್ವೆ ನಂಬರ್ ಡಾಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾಯ್ದೆಯಡಿಯ ಗದ್ದೆ–ಜೌಗು ಜಾಗಗಳ ಪಟ್ಟಿಯಲ್ಲಿ, ಇದೆಯೇ ನೋಡಿ. ಇದ್ದರೆ ಅದರಿಂದ ತೆಗೆಸಲು ನಮೂನೆ 5. ಅದರಲ್ಲಿಲ್ಲದೆ ತೆರಿಗೆ ರಿಜಿಸ್ಟರಿನಲ್ಲಿ ಮಾತ್ರ ನಿಲಂ ಎಂದಿದ್ದರೆ 20.23 ಆರ್, ಅಂದರೆ 50 ಸೆಂಟ್ಸಿನವರೆಗೆ ನಮೂನೆ 6, ಮೇಲಾದರೆ 7. ನಮೂನೆ 5ರ ಆದೇಶ ಕೈಯಲ್ಲಿಟ್ಟುಕೊಂಡು ‘ವರ್ಗ ಬದಲಾಗಿದೆ’ ಎಂದು ಫಲಕದಲ್ಲಿ ಹಾಕಿದರೆ ಅದು ಸುಳ್ಳು.

ಕಾಸರಗೋಡು:
ಗದ್ದೆ, ವರ್ಗ ಬದಲಾವಣೆ ಸರಿ. ಆದೇಶ ನಮೂನೆ 6ರದ್ದು. ಬಿಡಬೇಕಾದ ಜಾಗದ ಕೆಳಗೆ ಮುಂದೆ, ಹಿಂದೆ, ಬದಿ ಎಂದು ಮೂರು ಅಳತೆ ಬರುತ್ತವೆ. ಹಿಂದಿನದಕ್ಕೆ ‘ಹಿತ್ತಿಲು’ ಆಗಬಹುದೇ?

ಮಂಜೇಶ್ವರ:
ಆಗದು. ನಮ್ಮಲ್ಲಿ ಹಿತ್ತಿಲು ಅಂದರೆ ಇಡೀ ಜಾಗ. ಮುಂದಿನ ಅಂಗಳ, ಹಿಂದಿನ ಅಂಗಳ, ಬದಿಯ ಅಂಗಳ ಎಂದು ಬರೆಯಿರಿ, ಕೇರಳದ ನಿಯಮದಲ್ಲೂ ‘ಯಾರ್ಡ್’ ಎಂದೇ ಇದೆ. ‘ಗಡಿಯಿಂದ’ ಎಂಬ ಮಾತು ಬಿಡಬೇಡಿ. ಆವರಣ ಗೋಡೆಯ ಒಳಮೈಯಿಂದಲೋ ಡಾಮರಿನ ಅಂಚಿನಿಂದಲೋ ಅಳೆದು ಕೊನೆಗೆ ಅರ್ಧ ಮೀಟರಿಗೆ ಸಿಕ್ಕಿಬೀಳುವುದು ಇಲ್ಲೇ. ಪಂಚಾಯತು ಕಾಯ್ದೆಯಂತೆ ಅಧಿಸೂಚಿತ ರಸ್ತೆಯ ಗಡಿಯಿಂದ 3 ಮೀಟರ್ ಬಿಡಲೇಬೇಕು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66ಕ್ಕೆ ಜಾಗ ಹೋದ ಕಡೆ ಗಡಿ ಒಳಗೆ ಸರಿದಿದೆ, ಹಳೆಯ ನಕ್ಷೆಯ ಅಳತೆ ಅಲ್ಲಿ ಹೊಂದುವುದಿಲ್ಲ.

ಪೆರ್ಲ:
ಇನ್ನೊಂದು. ಬೆಂಗಳೂರಿನ ‘ಸ್ವಾಧೀನಾನುಭವ ಪತ್ರ’ವನ್ನು ಫಲಕಕ್ಕೆ ತರಬೇಡಿ. ಇಲ್ಲಿ ‘ಸ್ವಾಧೀನ ಪತ್ರ’ ಅಂದರೆ ಅರ್ಜಿಯ ಜೊತೆ ಕೊಡುವ, ಜಾಗ ನಿಮ್ಮ ವಶದಲ್ಲಿದೆ ಎನ್ನುವ ಗ್ರಾಮಾಧಿಕಾರಿಯ ‘ಕೈವಶ’ದ ಕಾಗದ. ಕೆಲಸ ಮುಗಿದು ಕಾರ್ಯದರ್ಶಿ ಕೊಡುವುದಕ್ಕೆ ‘ಆಕ್ಯುಪೆನ್ಸಿ ಸರ್ಟಿಫಿಕೇಟ್’ ಎಂದೇ ಇರಲಿ. ಮನೆ ನಂಬರಿಗೆ, ಕರೆಂಟಿಗೆ ಓಡಾಡುವ ಪ್ರತಿಯೊಬ್ಬರಿಗೂ ಆ ಹೆಸರು ಗೊತ್ತು.

ಬೆಂಗಳೂರು:
ಕನ್ನಡ ಫಲಕದಲ್ಲಿ ಇಂಗ್ಲಿಷ್. ಒಪ್ಪುವುದಿಲ್ಲ.

ಪೆರ್ಲ:
ನೀವು ಒಪ್ಪಬೇಕಾಗಿಲ್ಲ. ಫ್ಲ್ಯಾಟ್ ಕೊಳ್ಳುವವರಿಗೆ ಯಾವ ಕಾಗದ ಕೇಳಬೇಕೆಂದು ತಿಳಿಯಬೇಕು.